ಈಥರ್‌ನೆಟ್ ಸಂಕೇತದ ಜಿಟ್ಟರ್: ಆಸಿಲೋಸ್ಕೋಪಿನಲ್ಲಿ ಅಳತೆ

ಈಥರ್‌ನೆಟ್ ಸಾಧನವೊಂದು ಕೇಬಲ್ಲಿಗೆ ಬಿಡುವ ಸಂಕೇತದ ಅಂಚುಗಳು ನಿಗದಿಯಾದ ಕ್ಷಣಕ್ಕಿಂತ ಕೊಂಚ ಮೊದಲೋ ಕೊಂಚ ತಡವಾಗಿಯೋ ಬರುವುದಕ್ಕೆ ಜಿಟ್ಟರ್ ಎಂದು ಹೆಸರು. ಇದರ ಪ್ರಮಾಣ ಸಾಧನದ ವೇಗಕ್ಕೆ ತಕ್ಕಂತೆ ನ್ಯಾನೋಸೆಕೆಂಡಿನಿಂದ ಪಿಕೋಸೆಕೆಂಡಿನವರೆಗೆ ಇರುತ್ತದೆ. ಸ್ವೀಕರಿಸುವ ಚಿಪ್ ಪ್ರತಿ ಸಿಂಬಲ್ಲನ್ನೂ, ಅಂದರೆ ಒಂದು ಸಲಕ್ಕೆ ಕಳಿಸುವ ಸಂಕೇತದ ತುಣುಕನ್ನು, ಅದರ ನಡುಮಧ್ಯದಲ್ಲಿ ಓದಲು ಹವಣಿಸುತ್ತದೆ. ಅಂಚು ಆ ಓದುವ ಕ್ಷಣದವರೆಗೂ ಸರಿದು ಬಂದರೆ ಒಂದು ಸೊನ್ನೆಯಾಗಬಹುದು, ಸೊನ್ನೆ ಒಂದಾಗಬಹುದು. ಆದ್ದರಿಂದ ಸ್ವಿಚ್, ರೂಟರ್, ನೆಟ್‌ವರ್ಕ್ ಕಾರ್ಡ್ ಮುಂತಾದವುಗಳನ್ನು ಮಾರುಕಟ್ಟೆಗೆ ಬಿಡುವ ಮೊದಲು ಅವುಗಳ ಪ್ರಸಾರಕದ ಜಿಟ್ಟರ್ ಅಳೆಯುವುದು ಮಾನದಂಡ ಪರೀಕ್ಷೆಯ ಮುಖ್ಯ ಭಾಗ. ಈ ಅಳತೆಗೆ ಹೆಚ್ಚಾಗಿ ಬಳಕೆಯಾಗುವ ಉಪಕರಣ ಆಸಿಲೋಸ್ಕೋಪ್.

ಅಳತೆಯಲ್ಲಿ ಸಿಗುವ ಅಂಕಿ ಒಂದೇ ಆದರೂ ಅದರ ಅರ್ಥ ಮೂರು ಸಂಗತಿಗಳನ್ನು ಅವಲಂಬಿಸಿದೆ: ಯಾವ ಕ್ಲಾಕಿಗೆ ಹೋಲಿಸಿ ಅಳೆದರು, ಯಾವ ಫಿಲ್ಟರಿನಿಂದ ಸೋಸಿದರು, ಎಷ್ಟು ಅಂಚುಗಳನ್ನು ಎಣಿಸಿದರು. ಈ ಮೂರನ್ನು ಹೇಳದೆ ‘ಜಿಟ್ಟರ್ 200 ಪಿಕೋಸೆಕೆಂಡು’ ಎಂದರೆ ಅದು ಉತ್ತಮವೋ ಕೆಟ್ಟದೋ ಎಂದು ತೀರ್ಮಾನಿಸಲು ಯಾರಿಂದಲೂ ಆಗದು.

ಒಂದೇ ಹೆಸರಿನ ಎರಡು ಸಂಗತಿಗಳು

ಜಾಲ ನಿರ್ವಾಹಕರು ಹೇಳುವ ಜಿಟ್ಟರ್ ಬೇರೆ, ಸರ್ಕ್ಯೂಟ್ ವಿನ್ಯಾಸಕರು ಹೇಳುವ ಜಿಟ್ಟರ್ ಬೇರೆ. ಅಂತರ್ಜಾಲದ ಕರೆಯಲ್ಲಿ ಧ್ವನಿ ತುಂಡುತುಂಡಾಗಿ ಕೇಳಿಸಿದಾಗ ದೂರುವ ಜಿಟ್ಟರ್, ಪ್ಯಾಕೆಟ್‌ಗಳು ತಲುಪುವ ಹೊತ್ತಿನಲ್ಲಿನ ಏರುಪೇರು. 2002ರ ಆರ್‌ಎಫ್‌ಸಿ 3393 ಅದನ್ನು ಪ್ಯಾಕೆಟ್ ವಿಳಂಬದ ವ್ಯತ್ಯಾಸವೆಂದು ವಿವರಿಸುತ್ತದೆ. ಅದು ಮಿಲಿಸೆಕೆಂಡುಗಳ ಲೆಕ್ಕ. ಸ್ವಿಚ್ಚುಗಳ ಸರತಿಯಲ್ಲಿ ಹುಟ್ಟುತ್ತದೆ, ತಂತ್ರಾಂಶದಿಂದಲೇ ಅಳೆಯಬಹುದು. ಒಂದು ಮಿಲಿಸೆಕೆಂಡಿನಲ್ಲಿ 100 ಕೋಟಿ ಪಿಕೋಸೆಕೆಂಡುಗಳಿವೆ ಎಂಬುದನ್ನು ನೆನೆದರೆ ಎರಡರ ನಡುವಿನ ಅಂತರ ಗೊತ್ತಾಗುತ್ತದೆ. ಈ ಲೇಖನದ ವಿಷಯ ತಂತಿಯ ಮೇಲಿನ ವಿದ್ಯುತ್ ತರಂಗದ ಜಿಟ್ಟರ್ ಮಾತ್ರ.

ಹಿನ್ನೆಲೆ

1973ರಲ್ಲಿ ಜೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಕಟ್ಟಲು ತೊಡಗಿದ ಈಥರ್‌ನೆಟ್ಟಿನ ವೇಗ ಸೆಕೆಂಡಿಗೆ 2.94 ಮೆಗಾಬಿಟ್. ಐಇಇಇ 802.3 ಮಾನದಂಡ 1983ರಲ್ಲಿ ಬರುವ ಹೊತ್ತಿಗೆ ವೇಗ 10 ಮೆಗಾಬಿಟ್ ಆಗಿತ್ತು. ಆಗಿನ ಮ್ಯಾಂಚೆಸ್ಟರ್ ಸಂಕೇತ ಪದ್ಧತಿಯಲ್ಲಿ ಪ್ರತಿ ಬಿಟ್ಟಿನ ನಡುವೆ ತಪ್ಪದೆ ಒಂದು ಅಂಚು ಬರುತ್ತಿತ್ತು. ಒಂದು ಬಿಟ್ಟಿಗೆ 100 ನ್ಯಾನೋಸೆಕೆಂಡು ಸಿಗುತ್ತಿದ್ದುದರಿಂದ ಕೆಲವು ನ್ಯಾನೋಸೆಕೆಂಡುಗಳ ತೊನೆದಾಟವನ್ನು ಸಾಧನಗಳು ಸಲೀಸಾಗಿ ತಾಳಿಕೊಂಡವು.

ಆನಂತರ ಬಿಟ್ಟಿನ ಅವಧಿ ಕುಗ್ಗುತ್ತಲೇ ಹೋಯಿತು. 1995ರ 100 ಮೆಗಾಬಿಟ್ ಈಥರ್‌ನೆಟ್ಟಿನಲ್ಲಿ ಒಂದು ಸಿಂಬಲ್ಲಿನ ಅವಧಿ 8 ನ್ಯಾನೋಸೆಕೆಂಡು. 1998ರ ಫೈಬರ್ ಗಿಗಾಬಿಟ್ಟಿನಲ್ಲಿ 800 ಪಿಕೋಸೆಕೆಂಡು. 2002ರಲ್ಲಿ ಬಂದ 10 ಗಿಗಾಬಿಟ್ ಫೈಬರ್ ಸಂಪರ್ಕದಲ್ಲಿ ಸುಮಾರು 97 ಪಿಕೋಸೆಕೆಂಡು, 2016ರ 25 ಗಿಗಾಬಿಟ್‌ನಲ್ಲಿ 39ಕ್ಕಿಂತ ಕಡಿಮೆ. ಒಂದು ಸಿಂಬಲ್ಲಿಗೆ ಮೀಸಲಾದ ಈ ಅವಧಿಯನ್ನು ಯೂನಿಟ್ ಇಂಟರ್ವಲ್, ಚಿಕ್ಕದಾಗಿ ಯುಐ ಎನ್ನುತ್ತಾರೆ. ಬೇರೆ ಬೇರೆ ವೇಗಗಳ ಜಿಟ್ಟರನ್ನು ಹೋಲಿಸಲು ಪಿಕೋಸೆಕೆಂಡಿಗಿಂತ ಯುಐ ಅನುಕೂಲ.

ಮೂರು ಬಗೆಯ ಲೆಕ್ಕ

ಅಂಚುಗಳು ಬಂದ ಹೊತ್ತನ್ನು ಸ್ಕೋಪ್ ಗುರುತಿಸಿಕೊಂಡ ಮೇಲೆ ಅದೇ ಮಾಹಿತಿಯಿಂದ ಮೂರು ಬಗೆಯ ಜಿಟ್ಟರ್ ಲೆಕ್ಕ ಹಾಕಬಹುದು. ಪ್ರತಿ ಆವರ್ತದ ಉದ್ದ ಎಷ್ಟು ಹೆಚ್ಚುಕಡಿಮೆಯಾಗುತ್ತದೆ ಎಂಬುದು ಆವರ್ತ ಜಿಟ್ಟರ್. ಒಂದು ಆವರ್ತಕ್ಕೂ ಅದರ ಮುಂದಿನದಕ್ಕೂ ಇರುವ ವ್ಯತ್ಯಾಸ ಪಕ್ಕದಾವರ್ತ ಜಿಟ್ಟರ್. ಪ್ರತಿ ಅಂಚನ್ನೂ ಒಂದು ಆದರ್ಶ ಕ್ಲಾಕಿನ ಪಕ್ಕದಲ್ಲಿಟ್ಟು ಅದು ಎಷ್ಟು ಹಿಂದೆಮುಂದೆ ಸರಿದಿದೆ ಎಂದು ನೋಡುವುದು ಕಾಲಾಂತರ ದೋಷ. ಪ್ರಯೋಗಾಲಯಗಳಲ್ಲಿ ಇದನ್ನು ಟಿಐಇ ಎಂದೇ ಕರೆಯುತ್ತಾರೆ.

ದತ್ತಾಂಶ ಸಾಗಿಸುವ ತಂತಿಗೆ ಹೆಚ್ಚು ಹೊಂದುವುದು ಟಿಐಇ. ಆವರ್ತಕ್ಕೆ ಒಂದೊಂದೇ ಪಿಕೋಸೆಕೆಂಡಿನಂತೆ ಸಾವಿರ ಆವರ್ತಗಳ ಕಾಲ ಒಂದೇ ದಿಕ್ಕಿಗೆ ಸರಿಯುವ ಸಂಕೇತದಲ್ಲಿ ಪಕ್ಕದಾವರ್ತ ಜಿಟ್ಟರ್ ಕಾಣುವುದೇ ಇಲ್ಲ, ಆದರೆ ಟಿಐಇ ಒಂದು ನ್ಯಾನೋಸೆಕೆಂಡನ್ನು ತಲುಪಿರುತ್ತದೆ.

ಇನ್ನು ಆದರ್ಶ ಕ್ಲಾಕ್ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ. ಹಿಡಿದಿಟ್ಟ ತರಂಗದ ಎಲ್ಲ ಅಂಚುಗಳಿಗೂ ಅತ್ಯಂತ ಹತ್ತಿರವಾಗಿ ಹೊಂದುವ ಸ್ಥಿರ ಆವೃತ್ತಿಯನ್ನು ಗಣಿತದಿಂದ ಕಂಡುಹಿಡಿಯುವುದು ಒಂದು ದಾರಿ. ಸ್ವೀಕರಣೆಯ ಚಿಪ್ಪಿನಲ್ಲಿರುವ ಫೇಸ್ ಲಾಕ್ಡ್ ಲೂಪನ್ನು, ಅಂದರೆ ಪಿಎಲ್‌ಎಲ್ ಸರ್ಕ್ಯೂಟನ್ನು ತಂತ್ರಾಂಶದಲ್ಲಿ ಅನುಕರಿಸಿ ಸಂಕೇತದಿಂದಲೇ ಕ್ಲಾಕ್ ಹೊರತೆಗೆಯುವುದು ಇನ್ನೊಂದು. ಗಾಯಕರು ಕಾಲಪ್ರಮಾಣವನ್ನು ಮೆಲ್ಲಗೆ ಎಳೆದರೆ ಮೃದಂಗದವರು ಜೊತೆಗೇ ಸಾಗುತ್ತಾರೆ, ಥಟ್ಟನೆ ಬಂದ ತಪ್ಪನ್ನು ಮಾತ್ರ ಹಿಂಬಾಲಿಸಲಾರರು. ಪಿಎಲ್‌ಎಲ್ ನಡೆದುಕೊಳ್ಳುವುದೂ ಹಾಗೆಯೇ. ನಿಧಾನವಾದ ಸರಿದಾಟವನ್ನು ಅದು ಹಿಂಬಾಲಿಸುವುದರಿಂದ ಓದುವ ಕ್ಷಣವೂ ಅದರೊಂದಿಗೇ ಸರಿಯುತ್ತದೆ, ದೋಷ ಹುಟ್ಟುವುದಿಲ್ಲ. ಅದು ಹಿಂಬಾಲಿಸಲಾರದಷ್ಟು ವೇಗದ ಜಿಟ್ಟರ್ ಮಾತ್ರ ಬಿಟ್ಟುಗಳನ್ನು ಕೆಡಿಸುತ್ತದೆ. ಎರಡರ ನಡುವಿನ ಗೆರೆ ಎಲ್ಲಿದೆ ಎಂಬುದನ್ನು ಮಾನದಂಡವೇ ಗೊತ್ತುಪಡಿಸುತ್ತದೆ. 10 ಗಿಗಾಬಿಟ್ ಫೈಬರ್ ಪರೀಕ್ಷೆಯಲ್ಲಿ ಅದು 4 ಮೆಗಾಹರ್ಟ್ಸ್.

ಮೂಲಗಳು

ಜಿಟ್ಟರ್ ಹುಟ್ಟುವ ಕಾರಣಗಳನ್ನು ಎರಡು ಕುಟುಂಬಗಳಾಗಿ ವಿಂಗಡಿಸುತ್ತಾರೆ. ಬಿಡಿಭಾಗಗಳಲ್ಲಿನ ಉಷ್ಣ ಗದ್ದಲ, ಸ್ಫಟಿಕ ಆಂದೋಲಕದ ಒಳಗದ್ದಲ ಇವುಗಳಿಂದ ಬರುವುದು ಯಾದೃಚ್ಛಿಕ ಜಿಟ್ಟರ್. ಇದಕ್ಕೆ ಗರಿಷ್ಠ ಮಿತಿಯಿಲ್ಲ. ಹೆಚ್ಚು ಹೊತ್ತು ಕಾದಷ್ಟೂ ಇನ್ನೂ ದೂರ ಸರಿದ ಒಂದು ಅಂಚು ಸಿಗುತ್ತದೆ. ಅದಕ್ಕಾಗಿ ಇದನ್ನು ತುದಿಯಿಂದ ತುದಿಗೆ ಅಳೆಯದೆ ವರ್ಗಗಳ ಸರಾಸರಿಯ ವರ್ಗಮೂಲದ ಬೆಲೆಯಲ್ಲಿ, ಅಂದರೆ ಆರ್‌ಎಂಎಸ್‌ನಲ್ಲಿ ಹೇಳುತ್ತಾರೆ.

ಎರಡನೆಯದು ನಿರ್ಧಾರಿತ ಜಿಟ್ಟರ್. ಇದಕ್ಕೆ ಕಾರಣವೂ ಇದೆ, ಮಿತಿಯೂ ಇದೆ. ಕೇಬಲ್ ಅಥವಾ ಬೋರ್ಡಿನ ತಾಮ್ರದ ದಾರಿ ಹೆಚ್ಚಿನ ಆವೃತ್ತಿಗಳನ್ನು ಕುಗ್ಗಿಸಿದಾಗ ಹಿಂದಿನ ಸಿಂಬಲ್ಲಿನ ಬಾಲ ಮುಂದಿನದರ ಮೇಲೆ ಬೀಳುತ್ತದೆ. ಮೇಲೇರುವ ಅಂಚಿಗೂ ಕೆಳಗಿಳಿಯುವ ಅಂಚಿಗೂ ವೇಗ ಬೇರೆಯಾದರೆ ಸಿಂಬಲ್ಲುಗಳ ಅಗಲ ಅಸಮವಾಗುತ್ತದೆ. ಇದಕ್ಕೆ ಡ್ಯೂಟಿ ಸೈಕಲ್ ವಿರೂಪ ಎಂದು ಹೆಸರು. ವಿದ್ಯುತ್ ಪೂರೈಕೆಯ ಸ್ವಿಚಿಂಗ್ ಸರ್ಕ್ಯೂಟಿನ ಮಿಡಿತ ಕ್ಲಾಕಿಗೆ ನುಸುಳಿದರೆ ಜಿಟ್ಟರ್ ಅದೇ ಲಯದಲ್ಲಿ ಏರಿಳಿಯುತ್ತದೆ. ಪಕ್ಕದ ಜೋಡಿತಂತಿಯ ಸಂಕೇತ ಸೋರಿಬಂದರೆ ಅದೂ ಅಂಚನ್ನು ತಳ್ಳುತ್ತದೆ.

ಉಪಕರಣದ ಆಯ್ಕೆ

ಆಸಿಲೋಸ್ಕೋಪುಗಳಲ್ಲಿ ಎರಡು ಪಂಗಡಗಳಿವೆ. ರಿಯಲ್‌ಟೈಮ್ ಸ್ಕೋಪ್ ತರಂಗವನ್ನು ಒಂದೇ ಸಲಕ್ಕೆ, ಬಿಡುವಿಲ್ಲದ ಮಾದರಿಗಳಾಗಿ ಹಿಡಿದಿಡುತ್ತದೆ. ತಾಮ್ರದ ಈಥರ್‌ನೆಟ್ ಪರೀಕ್ಷೆಗೆ ಸಾಮಾನ್ಯವಾಗಿ ಬಳಸುವುದು ಇದನ್ನೇ. ಸ್ಯಾಂಪ್ಲಿಂಗ್ ಸ್ಕೋಪ್ ಮರುಕಳಿಸುವ ತರಂಗದಿಂದ ಸಲಕ್ಕೊಂದು ಮಾದರಿ ಆಯ್ದು ಚಿತ್ರ ಕಟ್ಟುತ್ತದೆ. ಇದರ ಗದ್ದಲ ಕಡಿಮೆ, ಬ್ಯಾಂಡ್‌ವಿಡ್ತ್ ಹೆಚ್ಚು. ಆದರೆ ಇದಕ್ಕೆ ಪ್ರತ್ಯೇಕ ಟ್ರಿಗರ್ ಕ್ಲಾಕ್ ಬೇಕು, ಒಂದೇ ಸಲ ಘಟಿಸಿ ಮಾಯವಾಗುವ ದೋಷ ಇದಕ್ಕೆ ಸಿಗದು. ವೇಗದ ಫೈಬರ್ ಸಾಧನಗಳ ಪರೀಕ್ಷೆಯಲ್ಲಿ ಇದರ ಬಳಕೆ ಹೆಚ್ಚು.

ಬ್ಯಾಂಡ್‌ವಿಡ್ತ್ ಎಷ್ಟಿರಬೇಕೆಂದು ಸಂಕೇತದ ಏರುವಿಕೆಯ ಕಾಲದಿಂದ ಅಂದಾಜಿಸುತ್ತಾರೆ. 100 ಮೆಗಾಬಿಟ್ ಸಂಕೇತ ಏರಲು 3ರಿಂದ 5 ನ್ಯಾನೋಸೆಕೆಂಡು ಹಿಡಿಯಬೇಕೆಂಬುದು ನಿಯಮ. 0.35 ಅನ್ನು 3 ನ್ಯಾನೋಸೆಕೆಂಡಿನಿಂದ ಭಾಗಿಸಿದರೆ ಸುಮಾರು 117 ಮೆಗಾಹರ್ಟ್ಸ್ ಬರುತ್ತದೆ. ಅದರ ಮೂರು ಪಟ್ಟು, ಅಂದರೆ 350 ಮೆಗಾಹರ್ಟ್ಸ್ ಸ್ಕೋಪಿನಲ್ಲಿ 3 ನ್ಯಾನೋಸೆಕೆಂಡಿನ ಅಂಚು 3.16 ಎಂದು ಕಾಣುತ್ತದೆ. ಶೇಕಡ 5ರಷ್ಟು ತಪ್ಪನ್ನು ಒಪ್ಪದವರು ಇನ್ನೂ ಹೆಚ್ಚಿನ ಬ್ಯಾಂಡ್‌ವಿಡ್ತ್ ಆರಿಸುತ್ತಾರೆ.

ನೆನಪಿನ ಆಳವೂ ಅಷ್ಟೇ ಮುಖ್ಯ. ಸೆಕೆಂಡಿಗೆ 500 ಕೋಟಿ ಮಾದರಿಗಳ ವೇಗದಲ್ಲಿ 100 ಮಿಲಿಸೆಕೆಂಡು ಹಿಡಿಯಬೇಕೆಂದರೆ 50 ಕೋಟಿ ಮಾದರಿಗಳನ್ನು ಕೂಡಿಡಬೇಕು. 5 ಕಿಲೋಹರ್ಟ್ಸ್‌ನ ಜಿಟ್ಟರ್ ಒಂದು ಸುತ್ತು ಮುಗಿಸಲು 200 ಮೈಕ್ರೋಸೆಕೆಂಡು ಬೇಕು. ಅದಕ್ಕಿಂತ ಚಿಕ್ಕ ತುಣುಕನ್ನು ಹಿಡಿದರೆ ಆ ಏರಿಳಿತ ಅಳತೆಯಲ್ಲಿ ಪೂರ್ತಿಯಾಗಿ ಬಾರದು.

ಸ್ಕೋಪಿನ ಸ್ವಂತ ಜಿಟ್ಟರ್ ಅಳತೆಯಲ್ಲಿ ಸೇರಿಕೊಳ್ಳುತ್ತದೆ. ಅದರ ಒಂದು ಭಾಗ ಒಳಗಿನ ಕ್ಲಾಕಿನದು. ಇನ್ನೊಂದು ಭಾಗ ವೋಲ್ಟೇಜ್ ಗದ್ದಲ, ಅದು ಅಂಚಿನ ಇಳಿಜಾರಿನ ಮೂಲಕ ಕಾಲದ ತಪ್ಪಾಗಿ ಮಾರ್ಪಡುತ್ತದೆ. ಅಂಚು ನ್ಯಾನೋಸೆಕೆಂಡಿಗೆ 0.2 ವೋಲ್ಟ್ ಏರುತ್ತಿದ್ದು ಗದ್ದಲ 2 ಮಿಲಿವೋಲ್ಟ್ ಇದ್ದರೆ ಅದು 10 ಪಿಕೋಸೆಕೆಂಡಿನ ಜಿಟ್ಟರಿಗೆ ಸಮ. 100 ಮೆಗಾಬಿಟ್ ಸಾಧನಕ್ಕೆ ಇದು ಲೆಕ್ಕಕ್ಕಿಲ್ಲ. ಆದರೆ 2006ರಲ್ಲಿ ಬಂದ 10 ಗಿಗಾಬಿಟ್ ತಾಮ್ರದ ಈಥರ್‌ನೆಟ್, ಅಂದರೆ 10ಜಿಬೇಸ್-ಟಿ, ಪ್ರಸಾರಕದ ಆವರ್ತ ಜಿಟ್ಟರಿಗೆ ಕೊಟ್ಟಿರುವ ಮಿತಿ ಆರ್‌ಎಂಎಸ್ 5.5 ಪಿಕೋಸೆಕೆಂಡು ಮಾತ್ರ. ಅಲ್ಲಿ ಸ್ಕೋಪಿನ ಗದ್ದಲವೇ ಸಾಧನವನ್ನು ಅನುತ್ತೀರ್ಣಗೊಳಿಸಬಲ್ಲದು. ಹೀಗಾಗಿ ತರಂಗ ಪರದೆಯ ಎತ್ತರವನ್ನು ಹೆಚ್ಚುಕಡಿಮೆ ತುಂಬುವಂತೆ ಲಂಬ ಮಾಪಕವನ್ನು ಹೊಂದಿಸಿಕೊಳ್ಳುವುದು ಮೊದಲ ಕೆಲಸ.

ಜೋಡಣೆ

ಈಥರ್‌ನೆಟ್ ಸಂಕೇತ ಎರಡು ತಂತಿಗಳ ನಡುವಿನ ವ್ಯತ್ಯಾಸವಾಗಿ ಸಾಗುತ್ತದೆ. ಆದ್ದರಿಂದ ಡಿಫರೆನ್ಷಿಯಲ್ ಪ್ರೋಬ್ ಬೇಕು. ಇಲ್ಲವೇ ಎರಡು ತಂತಿಗಳನ್ನು ಒಂದೇ ಉದ್ದದ ಎರಡು ಕೇಬಲ್ಲುಗಳ ಮೂಲಕ ಎರಡು ಚಾನೆಲ್‌ಗಳಿಗೆ ಕೊಟ್ಟು ಸ್ಕೋಪಿನೊಳಗೆ ಕಳೆಯಬೇಕು. ಸಾಧನದ ಆರ್‌ಜೆ-45 ಕಿಂಡಿಗೆ ಪರೀಕ್ಷಾ ಫಿಕ್ಸ್ಚರನ್ನು ತೀರ ಗಿಡ್ಡ ಕೇಬಲ್ಲಿನಿಂದ ಸೇರಿಸಿ, ಜೋಡಿತಂತಿಯ ತುದಿಗೆ 100 ಓಮ್ ಹೊರೆ ಕೊಡುತ್ತಾರೆ. ಹೊರೆ ಸರಿಯಿಲ್ಲದಿದ್ದರೆ ತರಂಗ ಪ್ರತಿಫಲಿಸಿ ಹಿಂತಿರುಗುತ್ತದೆ, ಆ ಪ್ರತಿಫಲನವೇ ಜಿಟ್ಟರಾಗಿ ಕಾಣುತ್ತದೆ. ಎರಡು ಕೇಬಲ್ಲುಗಳ ವಿಳಂಬದಲ್ಲಿ ವ್ಯತ್ಯಾಸವಿದ್ದರೆ ಅಳೆಯುವ ಮೊದಲೇ ಸ್ಕೋಪಿನಲ್ಲಿ ಅದನ್ನು ಸರಿದೂಗಿಸಬೇಕು.

100 ಮೆಗಾಬಿಟ್ ಸಾಧನದ ಪರೀಕ್ಷೆ

100ಬೇಸ್-ಟಿಎಕ್ಸ್ ಸಂಕೇತಕ್ಕೆ ಮೂರು ಮಟ್ಟಗಳಿವೆ: ಧನ, ಶೂನ್ಯ, ಋಣ. ಈ ಪದ್ಧತಿಗೆ ಎಂಎಲ್‌ಟಿ-3 ಎಂದು ಹೆಸರು. ಕೇಬಲ್ ಸಿಕ್ಕಿಸಿದೊಡನೆ ಸಾಧನ ಎದುರಿನ ಸಾಧನದೊಂದಿಗೆ ವೇಗದ ಕುರಿತು ಮಾತುಕತೆಗೆ ಇಳಿಯುತ್ತದೆ; ಎದುರಿಗೆ ಯಾರೂ ಇಲ್ಲದಿದ್ದರೆ ಸಣ್ಣ ಮಿಡಿತಗಳನ್ನು ಮಾತ್ರ ಕಳಿಸುತ್ತಿರುತ್ತದೆ. ಹಾಗಾಗಿ ರಿಜಿಸ್ಟರ್ ಬರೆದು ಸಾಧನವನ್ನು 100 ಮೆಗಾಬಿಟ್ಟಿಗೆ ಕಡ್ಡಾಯವಾಗಿ ನಿಲ್ಲಿಸುತ್ತಾರೆ. ಆಗ ದತ್ತಾಂಶವಿಲ್ಲದಿದ್ದರೂ ಕಲಸಿದ ಐಡಲ್ ಸಂಕೇತ ನಿರಂತರವಾಗಿ ಹರಿಯುತ್ತದೆ, ಅಳತೆಗೆ ಅದೇ ಸಾಕು.

ಸಾವಿರಾರು ಸಿಂಬಲ್ಲುಗಳನ್ನು ಒಂದರ ಮೇಲೊಂದು ಪೇರಿಸಿದಾಗ ಪರದೆಯ ಮೇಲೆ ಕಣ್ಣಿನಾಕಾರದ ಐ ಡಯಾಗ್ರಾಮ್ ಮೂಡುತ್ತದೆ. ಮೂರು ಮಟ್ಟಗಳಿರುವುದರಿಂದ ಇಲ್ಲಿ ಕಣ್ಣುಗಳು ಎರಡು, ಒಂದರ ಕೆಳಗೊಂದು. ಅಂಚುಗಳು ಹಾದುಹೋಗುವಲ್ಲಿ ಗೆರೆ ಎಷ್ಟು ದಪ್ಪಗಾಗಿದೆಯೋ ಅಷ್ಟು ಜಿಟ್ಟರ್. ಮಿತಿ ತುದಿಯಿಂದ ತುದಿಗೆ 1.4 ನ್ಯಾನೋಸೆಕೆಂಡು, ಎಂದರೆ 8 ನ್ಯಾನೋಸೆಕೆಂಡಿನ ಸಿಂಬಲ್ಲಿನಲ್ಲಿ ಶೇಕಡ 17.5. ಡ್ಯೂಟಿ ಸೈಕಲ್ ವಿರೂಪಕ್ಕೆ ಬೇರೆಯದೇ ಆದ 0.5 ನ್ಯಾನೋಸೆಕೆಂಡಿನ ಮಿತಿಯಿದೆ.

ಗಿಗಾಬಿಟ್ ತಾಮ್ರ: ಪರೀಕ್ಷಾ ವಿಧಾನಗಳ ಅಗತ್ಯ

1999ರ 1000ಬೇಸ್-ಟಿ ಬಂದಾಗ ಅಳತೆ ತೊಡಕಾಯಿತು. ಇಲ್ಲಿ ನಾಲ್ಕೂ ಜೋಡಿತಂತಿಗಳು ಒಟ್ಟಿಗೆ ಕೆಲಸ ಮಾಡುತ್ತವೆ, ಸಂಕೇತಕ್ಕೆ ಐದು ಮಟ್ಟಗಳು. ಅದಕ್ಕಿಂತ ಹೆಚ್ಚಿನ ತೊಡಕೆಂದರೆ, ಒಂದೇ ಜೋಡಿಯ ಮೇಲೆ ಎರಡೂ ದಿಕ್ಕಿನ ಸಂಕೇತಗಳು ಒಂದೇ ಹೊತ್ತಿಗೆ ಓಡುತ್ತವೆ. ತನ್ನದೇ ಪ್ರಸಾರದ ಮಾರ್ದನಿಯನ್ನು ಪ್ರತಿ ಚಿಪ್ಪೂ ಲೆಕ್ಕ ಹಾಕಿ ಕಳೆದುಕೊಂಡು ಎದುರಿನವರ ಸಂಕೇತವನ್ನು ಆಯ್ದುಕೊಳ್ಳುತ್ತದೆ. ಚಾಲನೆಯಲ್ಲಿರುವ ಕೇಬಲ್ಲಿಗೆ ಪ್ರೋಬ್ ಹಚ್ಚಿದರೆ ಎರಡರ ಮೊತ್ತವೇ ಕಾಣುವುದರಿಂದ ಕಣ್ಣು ತೆರೆಯುವುದೇ ಇಲ್ಲ.

ಇದಕ್ಕಾಗಿ ಮಾನದಂಡವೇ ನಾಲ್ಕು ಪರೀಕ್ಷಾ ವಿಧಾನಗಳನ್ನು ಚಿಪ್ಪಿನೊಳಗೆ ಇರಿಸಲು ಹೇಳಿತು. ಮೊದಲನೆಯದು ತರಂಗದ ಆಕಾರಕ್ಕೆ, ನಾಲ್ಕನೆಯದು ವಿರೂಪಕ್ಕೆ. ಎರಡನೆಯದು ಮತ್ತು ಮೂರನೆಯದು ಜಿಟ್ಟರಿಗೆ. ಚಿಪ್ಪಿನ 9ನೇ ರಿಜಿಸ್ಟರಿನ ಮೇಲಿನ ಮೂರು ಬಿಟ್ಟುಗಳಿಂದ ಇವನ್ನು ಆರಿಸಬಹುದು. ಎರಡನೆಯ ವಿಧಾನದಲ್ಲಿ ಪ್ರಸಾರಕ +2 ಮತ್ತು −2 ಸಿಂಬಲ್ಲುಗಳನ್ನು ಒಂದಾದ ಮೇಲೊಂದರಂತೆ 125 ಮೆಗಾಹರ್ಟ್ಸ್ ಕ್ಲಾಕಿನಲ್ಲಿ ಕಳಿಸುತ್ತಲೇ ಇರುತ್ತದೆ. ಪರದೆಯ ಮೇಲೆ ಕಾಣುವುದು 62.5 ಮೆಗಾಹರ್ಟ್ಸ್‌ನ ಅಚ್ಚುಕಟ್ಟಾದ ತರಂಗ. ಅದರ ಶೂನ್ಯರೇಖೆ ದಾಟುವ ಕ್ಷಣಗಳೇ ಅಳತೆಯ ಕಚ್ಚಾವಸ್ತು.

1000ಬೇಸ್-ಟಿ ಸಂಪರ್ಕದಲ್ಲಿ ಒಂದು ತುದಿ ಮಾಸ್ಟರ್, ಇನ್ನೊಂದು ಸ್ಲೇವ್. ಮಾಸ್ಟರ್ ತನ್ನ ಸ್ಫಟಿಕದ ಕ್ಲಾಕಿನಿಂದ ಪ್ರಸಾರ ಮಾಡುತ್ತದೆ. ಸ್ಲೇವ್ ತಾನು ಸ್ವೀಕರಿಸಿದ ಸಂಕೇತದಿಂದ ಕ್ಲಾಕ್ ಹೆಕ್ಕಿ ಅದರಿಂದಲೇ ಉತ್ತರಿಸುತ್ತದೆ. ಮಾಸ್ಟರಿನ ಪ್ರಸಾರ ಕ್ಲಾಕಿನ ಜಿಟ್ಟರ್ ಸೋಸದೆ ಅಳೆದಾಗ 1.4 ನ್ಯಾನೋಸೆಕೆಂಡಿಗಿಂತ ಕಡಿಮೆ ಇರಬೇಕು, ಈ ಅಳತೆ 100 ಮಿಲಿಸೆಕೆಂಡಿಗೆ ಕಡಿಮೆಯಿಲ್ಲದಂತೆ, ಒಂದು ಸೆಕೆಂಡು ಮೀರದಂತೆ ನಡೆಯಬೇಕು. ಅದೇ ಜಿಟ್ಟರನ್ನು 5 ಕಿಲೋಹರ್ಟ್ಸ್ ಹೈಪಾಸ್ ಫಿಲ್ಟರಿನಿಂದ ಸೋಸಿ, ಕ್ಲಾಕಿಗೂ ತಂತಿಯ ಸಂಕೇತಕ್ಕೂ ನಡುವಿನ ಜಿಟ್ಟರನ್ನು ಕೂಡಿಸಿದಾಗ ಬರುವ ಮೊತ್ತ 0.3 ನ್ಯಾನೋಸೆಕೆಂಡಿಗಿಂತ ಕಡಿಮೆ ಇರಬೇಕು. ಇದಕ್ಕೆ ಕನಿಷ್ಠ ಒಂದು ಲಕ್ಷ ಅಂಚುಗಳು ಬೇಕು. ಸ್ಲೇವಿನ ಫಿಲ್ಟರ್ 32 ಕಿಲೋಹರ್ಟ್ಸ್, ಮಾಸ್ಟರಿಗಿಂತ 0.4 ನ್ಯಾನೋಸೆಕೆಂಡಿನಷ್ಟು ಹೆಚ್ಚು ಜಿಟ್ಟರಿಗೆ ಅದಕ್ಕೆ ಅವಕಾಶವಿದೆ. ಒಂದೇ ಸಾಧನ ಫಿಲ್ಟರಿಲ್ಲದ ಪರೀಕ್ಷೆಯಲ್ಲಿ 1.2 ತೋರಿಸಿ, ಫಿಲ್ಟರ್ ಹಾಕಿದಾಗ 0.2 ತೋರಿಸಿದರೆ ಎರಡೂ ಸರಿಯೇ. ಎರಡು ಪ್ರಶ್ನೆಗಳಿಗೆ ಎರಡು ಉತ್ತರಗಳು ಸಿಕ್ಕಿವೆ, ಅಷ್ಟೆ.

ವಾಸ್ತವದಲ್ಲಿ ಒಂದು ಅಡಚಣೆ ಎದುರಾಗುತ್ತದೆ. ಪ್ರಸಾರ ಕ್ಲಾಕ್ ಹೊರಗೆ ಸಿಗಬೇಕೆಂದು ಮಾನದಂಡ ಬಯಸಿದರೂ ಅನೇಕ ಬೋರ್ಡುಗಳಲ್ಲಿ ಅದನ್ನು ಯಾವ ಪಿನ್ನಿಗೂ ತಂದಿರುವುದಿಲ್ಲ. ಆಗ ತಂತಿಯ ಸಂಕೇತದಿಂದಲೇ ಸ್ಕೋಪಿನ ತಂತ್ರಾಂಶ ಕ್ಲಾಕನ್ನು ಊಹಿಸಿಕೊಳ್ಳುತ್ತದೆ. ಟೆಕ್ಟ್ರಾನಿಕ್ಸ್, ಕೀಸೈಟ್, ಟೆಲಿಡೈನ್ ಲೆಕ್ರಾಯ್ ಮುಂತಾದ ತಯಾರಕರು ಈ ಪರೀಕ್ಷೆಗಳಿಗಾಗಿಯೇ ತಂತ್ರಾಂಶ ಕೊಡುತ್ತಾರೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯದ ಇಂಟರ್‌ಆಪರೆಬಿಲಿಟಿ ಪ್ರಯೋಗಾಲಯ ಸಿದ್ಧಪಡಿಸಿದ ಪರೀಕ್ಷಾ ಕೈಪಿಡಿಗಳು ಈ ಕ್ಷೇತ್ರದಲ್ಲಿ ವ್ಯಾಪಕವಾಗಿ ಬಳಕೆಯಲ್ಲಿವೆ.

ಒಟ್ಟು ಜಿಟ್ಟರಿನ ಅಂದಾಜು

10 ಗಿಗಾಬಿಟ್ ಫೈಬರ್ ಸಂಪರ್ಕದಲ್ಲಿ ಲಕ್ಷ ಕೋಟಿ ಬಿಟ್ಟುಗಳಿಗೆ ಒಂದಕ್ಕಿಂತ ಹೆಚ್ಚು ತಪ್ಪು ಆಗಬಾರದು. ಅಷ್ಟು ಬಿಟ್ಟುಗಳು ಸಾಗಲು ಸುಮಾರು 100 ಸೆಕೆಂಡು ಹಿಡಿಯುತ್ತದೆ. ಸ್ಕೋಪಿನ ನೆನಪಿನಲ್ಲಿ ಹಿಡಿಸುವುದು ಅದರ ಅತ್ಯಲ್ಪ ಭಾಗ. ಹಾಗಾಗಿ ಸಿಕ್ಕ ಅಂಚುಗಳಿಂದ ಜಿಟ್ಟರಿನ ಎರಡು ಕುಟುಂಬಗಳನ್ನು ಬೇರ್ಪಡಿಸಿ, ಯಾದೃಚ್ಛಿಕ ಭಾಗವನ್ನು ಗಣಿತದ ಮೂಲಕ ದೂರದವರೆಗೆ ಚಾಚುತ್ತಾರೆ. ಡ್ಯುಯಲ್ ಡಿರಾಕ್ ಎಂಬ ಮಾದರಿಯಲ್ಲಿ ಆರ್‌ಎಂಎಸ್ ಬೆಲೆಯನ್ನು 14.069ರಿಂದ ಗುಣಿಸಿ ನಿರ್ಧಾರಿತ ಭಾಗಕ್ಕೆ ಕೂಡಿಸಿದರೆ ಒಟ್ಟು ಜಿಟ್ಟರ್ ಸಿಗುತ್ತದೆ. ನಿರ್ಧಾರಿತ ಭಾಗ 20 ಪಿಕೋಸೆಕೆಂಡು, ಯಾದೃಚ್ಛಿಕ ಭಾಗ 2 ಪಿಕೋಸೆಕೆಂಡು ಇದ್ದರೆ ಒಟ್ಟು 48 ಪಿಕೋಸೆಕೆಂಡು ದಾಟುತ್ತದೆ. 97 ಪಿಕೋಸೆಕೆಂಡಿನ ಸಿಂಬಲ್ಲಿನಲ್ಲಿ ಅರ್ಧ ಅಲ್ಲಿಗೇ ಹೋಯಿತು. ಒಂದು ಲಕ್ಷ ಅಂಚುಗಳನ್ನಷ್ಟೇ ನೋಡಿದ್ದರೆ ಯಾದೃಚ್ಛಿಕ ಭಾಗದ ಹರಹು ಆರ್‌ಎಂಎಸ್‌ನ ಸುಮಾರು 9 ಪಟ್ಟು ಮಾತ್ರ ಕಾಣುತ್ತಿತ್ತು.

ಫೈಬರ್ ಗಿಗಾಬಿಟ್ ಮಾನದಂಡ ಸಂಪರ್ಕದ ಹಾದಿಯಲ್ಲಿ ನಾಲ್ಕು ಅಳತೆಯ ತಾಣಗಳನ್ನು ಗುರುತಿಸಿ ಪ್ರತಿಯೊಂದಕ್ಕೂ ಮಿತಿ ಹಂಚಿದೆ. ಪ್ರಸಾರಕ್ಕೆ ಮುನ್ನ 0.24 ಯುಐ, ಫೈಬರಿಗೆ ಇಳಿಯುವಲ್ಲಿ 0.431, ಫೈಬರ್ ಮುಗಿಯುವಲ್ಲಿ 0.51, ಸ್ವೀಕಾರಕದಾಚೆ 0.749. ಯಾವ ಭಾಗ ತನ್ನ ಪಾಲನ್ನು ಮೀರಿತು ಎಂಬುದನ್ನು ಈ ಹಂಚಿಕೆಯಿಂದ ಪತ್ತೆ ಮಾಡಬಹುದು.

ದೋಷದ ಮೂಲ ಹುಡುಕುವುದು

ಉತ್ತೀರ್ಣ, ಅನುತ್ತೀರ್ಣ ಎಂದು ಹೇಳಿ ಸುಮ್ಮನಾಗುವ ಉಪಕರಣವಲ್ಲ ಆಸಿಲೋಸ್ಕೋಪ್. ಟಿಐಇ ಬೆಲೆಗಳ ಹಿಸ್ಟೋಗ್ರಾಮ್ ಗಂಟೆಯ ಆಕಾರದಲ್ಲಿದ್ದರೆ ಯಾದೃಚ್ಛಿಕ ಗದ್ದಲ ಮೇಲುಗೈ ಪಡೆದಿದೆ. ಎರಡು ಗುಡ್ಡಗಳಾಗಿ ಸೀಳಿದ್ದರೆ ಡ್ಯೂಟಿ ಸೈಕಲ್ ವಿರೂಪವನ್ನು ಮೊದಲು ಶಂಕಿಸಬೇಕು. ಅದೇ ಬೆಲೆಗಳ ಆವೃತ್ತಿ ವರ್ಣಪಟಲ ತೆಗೆದಾಗ, ಉದಾಹರಣೆಗೆ 500 ಕಿಲೋಹರ್ಟ್ಸ್‌ನಲ್ಲಿ ಒಂದು ಗೆರೆ ಎದ್ದು ನಿಂತಿದ್ದು, ಬೋರ್ಡಿನ ವಿದ್ಯುತ್ ಪೂರೈಕೆಯ ಸರ್ಕ್ಯೂಟ್ ಸ್ವಿಚ್ ಆಗುವುದೂ ಅದೇ ವೇಗದಲ್ಲಾದರೆ ಕಾರಣ ಬಹುಮಟ್ಟಿಗೆ ಸಿಕ್ಕಂತೆಯೇ. ಪೂರೈಕೆಯ ತಂತಿಗೆ ಇನ್ನೊಂದು ಪ್ರೋಬ್ ಹಚ್ಚಿ ಎರಡನ್ನೂ ಒಟ್ಟಿಗೆ ನೋಡಿದರೆ ಅನುಮಾನ ಪರಿಹಾರವಾಗುತ್ತದೆ.

10 ಹರ್ಟ್ಸ್‌ಗಿಂತ ನಿಧಾನವಾದ ಸರಿದಾಟಕ್ಕೆ ದೂರಸಂಪರ್ಕ ಕ್ಷೇತ್ರದಲ್ಲಿ ವಾಂಡರ್ ಎಂಬ ಬೇರೆ ಹೆಸರಿದೆ. ಮೊಬೈಲ್ ಗೋಪುರಗಳಿಗೆ ಕ್ಲಾಕ್ ಹಂಚುವ ಸಿಂಕ್ರನಸ್ ಈಥರ್‌ನೆಟ್ಟಿನಲ್ಲಿ ಇದು ಮಹತ್ವದ್ದು. ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನಂತಹ ದೂರಸಂಪರ್ಕ ಉಪಕರಣಗಳ ತಯಾರಕರು ಕೆಲಸ ಮಾಡುವುದು ಈ ವಲಯದಲ್ಲೇ. ಆದರೆ ಗಂಟೆಗಟ್ಟಲೆ ಸಾಗುವ ವಾಂಡರ್ ಅಳತೆಗೆ ಸ್ಕೋಪಿನ ನೆನಪು ಸಾಲದು, ಕಾಲಾಂತರ ವಿಶ್ಲೇಷಕಗಳೇ ಬೇಕು.

ಹೊಸ ಪೀಳಿಗೆ

ದತ್ತಾಂಶ ಕೇಂದ್ರಗಳ 400 ಗಿಗಾಬಿಟ್ ಈಥರ್‌ನೆಟ್ 2017ರಲ್ಲಿ ಬಂದಾಗ ಸಂಕೇತ ನಾಲ್ಕು ಮಟ್ಟಗಳ ಪ್ಯಾಮ್-4 ಪದ್ಧತಿಗೆ ಬದಲಾಯಿತು. ಕಣ್ಣುಗಳು ಮೂರು, ಪ್ರತಿಯೊಂದರ ಎತ್ತರವೂ ಮೊದಲಿನ ಮೂರನೇ ಒಂದು ಪಾಲು. ಮಟ್ಟದಿಂದ ಮಟ್ಟಕ್ಕೆ ಹನ್ನೆರಡು ಬಗೆಯ ಜಿಗಿತಗಳು ಸಾಧ್ಯ, ಇಳಿಜಾರು ಒಂದೊಂದಕ್ಕೂ ಬೇರೆ. ಹಳೆಯ ಒಟ್ಟು ಜಿಟ್ಟರಿನ ಜಾಗದಲ್ಲಿ ವಿದ್ಯುತ್ ಪ್ರಸಾರಕಗಳಿಗೆ ಜೆ4ಯು ಎಂಬ ಅಳತೆ ಬಂತು: ಹತ್ತು ಸಾವಿರದಲ್ಲಿ ಒಂದು ಪಾಲನ್ನು ಬಿಟ್ಟು ಉಳಿದೆಲ್ಲ ಜಿಟ್ಟರನ್ನು ಒಳಗೊಳ್ಳುವ ಅಗಲ. ಇದರೊಂದಿಗೆ ಆರ್‌ಎಂಎಸ್ ಬೆಲೆಯನ್ನೂ, ಸಮ ಮತ್ತು ಬೆಸ ಸಿಂಬಲ್ಲುಗಳ ನಡುವಿನ ಅಸಮತೆಯನ್ನೂ ಪ್ರತ್ಯೇಕವಾಗಿ ವರದಿ ಮಾಡಬೇಕು.

ಇನ್ನೊಂದು ಕವಲು ವಾಹನಗಳದು. 2015ರಲ್ಲಿ ಮಾನದಂಡವಾದ 100ಬೇಸ್-ಟಿ1 ಒಂದೇ ಜೋಡಿತಂತಿಯಲ್ಲಿ ಕಾರಿನ ಕ್ಯಾಮೆರಾ, ನಿಯಂತ್ರಣ ಘಟಕಗಳನ್ನು ಬೆಸೆಯುತ್ತದೆ. ಸಿಂಬಲ್ಲಿನ ಅವಧಿ 15 ನ್ಯಾನೋಸೆಕೆಂಡು. ಹಳೆಯ 100 ಮೆಗಾಬಿಟ್ಟಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಬಿಡುವು. ಹೀಗಿದ್ದೂ ಮಾಸ್ಟರ್ ಪ್ರಸಾರಕದ ಜಿಟ್ಟರ್ ಆರ್‌ಎಂಎಸ್ 50 ಪಿಕೋಸೆಕೆಂಡನ್ನು ಮೀರುವಂತಿಲ್ಲ. ಇಲ್ಲಿಯೂ ಎರಡು ದಿಕ್ಕಿನ ಸಂಕೇತಗಳು ಒಂದೇ ಜೋಡಿಯನ್ನು ಹಂಚಿಕೊಳ್ಳುವುದರಿಂದ ಮಾರ್ದನಿ ಕಳೆಯುವ ಲೆಕ್ಕಕ್ಕೆ ಕ್ಲಾಕ್ ಅಲುಗದೆ ನಿಲ್ಲಬೇಕು. ಪರೀಕ್ಷೆಯೂ ಗಿಗಾಬಿಟ್ ತಾಮ್ರದ ಜಾಡಿನಲ್ಲೇ ನಡೆಯುತ್ತದೆ: ಎರಡನೆಯ ಪರೀಕ್ಷಾ ವಿಧಾನ, ಒಂದಾದ ಮೇಲೊಂದು ಬರುವ +1 ಮತ್ತು −1 ಸಿಂಬಲ್ಲುಗಳು, 33.3 ಮೆಗಾಹರ್ಟ್ಸ್‌ನ ತರಂಗ, ಅದರ ಪಕ್ಕದಲ್ಲಿ ಹೋಲಿಕೆಗೆಂದು ಗಣಿತದಿಂದ ಕಟ್ಟಿದ ಜಿಟ್ಟರಿಲ್ಲದ ಒಂದು ಕ್ಲಾಕ್.